ಫೊರ್ತುನಾತಾ ಕೊಡದ ಹಣ

"ಬೇಕರಿಯ ಎಮೆತೆರಿಯೊ, ಎರಡು ಚೀಲ ಬ್ರೆಡ್ಡು," ಎಂದು ತೆಯೊಫಿಲೊ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ.

ಸಾವಿನ ಮನೆಗೆ ಯಾರು ಏನು ತಂದರೂ ಹೆಸರು ಹಿಡಿದು ಕೂಗುವುದು ವಂಕಾಯೊ ಊರಿನ ಆ ಗುಡ್ಡದ ಕೇರಿಯ ಪದ್ಧತಿ. ನಾಳೆ ಅವರ ಮನೆಯಲ್ಲಿ ಸಾವಾದರೆ ಅಷ್ಟನ್ನೇ ಹಿಂದಿರುಗಿಸಬೇಕಲ್ಲ. ಕದ್ದುಮುಚ್ಚಿ ಕೊಡುವ ಮಾತೇ ಇಲ್ಲ.

ನೆಲಿದಾ ಅಮ್ಮ ಫೊರ್ತುನಾತಾಳ ಶವಪೆಟ್ಟಿಗೆಯ ಪಕ್ಕ ಕೂತಿದ್ದಳು. ಬಾಗಿಲಲ್ಲಿ ಕೂಗುತ್ತಿದ್ದವನು ಅವಳ ಸೋದರಮಾವ. ಹಿಂದಿನ ಬೆಂಚಿನಲ್ಲಿ ನೆರೆಮನೆಯ ಹಸಿಂತಾ ಪಿಸುಗುಟ್ಟಿದಳು: "ಅಷ್ಟೊಂದು ದುಡ್ಡಿತ್ತಂತೆ. ಪೆಟ್ಟಿಗೆ ನೋಡಿದ್ರೆ ಇಷ್ಟು ಅಗ್ಗದ್ದು."

ನೆಲಿದಾಗೆ ಮೈಯೆಲ್ಲ ಉರಿಯಿತು. ಸತ್ತ ಮೇಲಾದರೂ ಬಿಡಬಾರದೇ ಈ ಜನ?

*

ಫೊರ್ತುನಾತಾ ಬದುಕಿಡೀ ಬಸ್ ನಿಲ್ದಾಣದ ಬಳಿ ತಳ್ಳುಗಾಡಿಯಲ್ಲಿ ಬಿಸಿ ಕಷಾಯ ಮಾರಿದವಳು. ಹೋದ ವರ್ಷ ಅವಳ ಬಡವರ ಪಿಂಚಣಿ ನಿಂತುಹೋಯಿತು. ಕೇಳಲು ಹೋದರೆ ಗುಮಾಸ್ತ ನಕ್ಕ.

"ಪಕ್ಷಕ್ಕೆ ಮೂವತ್ತು ಸಾವಿರ ಸೋಲ್ ದುಡ್ಡು ದೇಣಿಗೆ ಕೊಟ್ಟೋರಿಗೆ ಪಿಂಚಣಿ ಯಾಕಜ್ಜಿ?"

"ನಾನು ಕಷಾಯ ಮಾರೋಳು ಕಣಪ್ಪ. ಗಣಿ ಸಾಹುಕಾರ ಅಂದ್ಕೊಂಡ್ಯಾ?"

ಹಣ ಕೊಟ್ಟಿದ್ದು ಅಂಥವನೇ ಒಬ್ಬ ಸಾಹುಕಾರ. ಅವನ ಹೆಸರು ಹೊರಬರಬಾರದಿತ್ತು. ಪಕ್ಷದವರು ಚಳಿಗಾಲದಲ್ಲಿ ಕಂಬಳಿ ಹಂಚಿ ಸಹಿ ಹಾಕಿಸಿಕೊಂಡಿದ್ದರಲ್ಲ, ಆ ಬಡವರ ಹೆಸರುಗಳ ಮೇಲೆ ಹಣವನ್ನೆಲ್ಲ ಹಂಚಿಬಿಟ್ಟಿದ್ದರು. ಬಡವರ ಹೆಸರೂ ಅಷ್ಟು ಅಗ್ಗ!

ಚುನಾವಣಾ ಕಚೇರಿಯವರು ಕೈ ತೊಳೆದುಕೊಂಡರು. "ಪಕ್ಷ ಬರ್ಕೊಟ್ಟಿದೆ, ನಾವು ತಗೊಂಡಿದೀವಿ. ಕೊಟ್ಟವರನ್ನ ಕೇಳ್ಬೇಕು ಅಂತ ಕಾನೂನಲ್ಲಿಲ್ಲ."

"ಹಾಗಾದ್ರೆ ಅಂಥ ಕಾನೂನು ಮಾಡಿ," ಎಂದಳು ಫೊರ್ತುನಾತಾ. "ಕೊಟ್ಯಾ ಅಂತ ನನ್ನ ಒಂದು ಮಾತು ಕೇಳೋಕೆ ನಿಮಗೇನು ಬಾಯಿ ನೋವಾ?"

ಅಂದಿನಿಂದ ಗಾಡಿಗೆ ಬಂದವರನ್ನು ಅವಳು ಸುಮ್ಮನೆ ಬಿಡಲಿಲ್ಲ. ಅಂಥ ಕಾನೂನು ಬೇಕೆಂಬ ಮನವಿಗೆ ಸಹಿ ಹಾಕಿದ ಮೇಲೇ ಕಷಾಯ. ಪಕ್ಷದ ಮೇಲೆ ಹೂಡಿದ್ದ ಸುಳ್ಳು ದೇಣಿಗೆಯ ಮೊಕದ್ದಮೆಯಲ್ಲಿ ಅವಳು ಮುಂದಿನ ತಿಂಗಳು ನ್ಯಾಯಾಲಯಕ್ಕೆ ಹೋಗಿ ಸಾಕ್ಷಿ ಹೇಳಬೇಕಿತ್ತು. ಅಷ್ಟರಲ್ಲಿ ನ್ಯುಮೋನಿಯಾ ಅವಳನ್ನು ಕೊಂಡೊಯ್ದಿತು.

*

ಮಧ್ಯಾಹ್ನ ಪಕ್ಷದ ವಕೀಲ ಆರ್ಸೆ ಬಂದ. ತೆಯೊಫಿಲೊನ ಕೈಗೆ ದಪ್ಪನೆಯ ಲಕೋಟೆ ಕೊಟ್ಟ.

"ಯಾರ ಹೆಸರು ಕೂಗ್ಲಿ ಸ್ವಾಮಿ?"

"ಹೆಸರೆಲ್ಲ ಯಾಕೆ? ಯಾರೋ ಹಿತೈಷಿಗಳು ಅನ್ನಿ."

"ಹೆಸರಿಲ್ದೆ ಏನೂ ಈ ಬಾಗಿಲು ದಾಟಲ್ಲ."

ಆರ್ಸೆ ಸುತ್ತ ನೋಡಿದ. ಎಮೆತೆರಿಯೊ ಬ್ರೆಡ್ಡು ಹಂಚುತ್ತ ನಿಂತಿದ್ದ. "ಇಗೋ, ಇವರ ಹೆಸರಲ್ಲೇ ಕೂಗಿಬಿಡಿ. ಅದರಲ್ಲೇನಿದೆ?"

ಹಸಿಂತಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

ನೆಲಿದಾ ಎದ್ದು ಬಂದಳು. "ಅಮ್ಮನ ಹೆಸರನ್ನೂ ಹೀಗೇ ಎತ್ಕೊಂಡ್ರಾ?"

ಆರ್ಸೆ ದನಿ ತಗ್ಗಿಸಿದ. "ನೋಡಮ್ಮ, ಸತ್ತೋರು ಸಾಕ್ಷಿ ಹೇಳೋಕಾಗಲ್ಲ. ಅಮ್ಮ ಕೊಟ್ಟಿದ್ದು ನಿಜ ಅಂತ ನೀನೊಂದು ಮಾತು ಹೇಳು. ಇದು ನಿನ್ನ ಕಷ್ಟಕ್ಕಾಗತ್ತೆ."

ನೆಲಿದಾ ಲಕೋಟೆಯನ್ನು ಅವನ ಕೋಟಿನ ಜೇಬಿಗೇ ತುರುಕಿದಳು.

"ಮಾವ, ಪೆಟ್ಟಿಗೆ ಎತ್ತಿಸಿ. ಇವರ ಆಫೀಸ್ ಮುಂದಿನಿಂದಾನೇ ಹೋಗೋಣ."

ಪಕ್ಷದ ಕಚೇರಿಯ ಬಾಗಿಲು ತೆರೆದಿತ್ತು. ಹೊತ್ತವರು ಹೊಸ್ತಿಲಿಗೆ ಅಡ್ಡಲಾಗಿ ಪೆಟ್ಟಿಗೆ ಇಳಿಸಿದರು. ತೆಯೊಫಿಲೊ ಗಂಟಲು ಸರಿಮಾಡಿಕೊಂಡ.

"ಫೊರ್ತುನಾತಾ ಯರಂಗಾ. ಈ ಪಕ್ಷಕ್ಕೆ ಒಂದು ಚಿಕ್ಕಾಸೂ ಕೊಟ್ಟಿಲ್ಲ."

ಎಮೆತೆರಿಯೊ ಮುಂದೆ ಬಂದು ತನ್ನ ಹೆಸರು ಹೇಳಿದ. "ನಾನೂ ಕೊಟ್ಟಿಲ್ಲ. ಕೂಗು." ತೆಯೊಫಿಲೊ ಕೂಗಿದ. ಆಮೇಲೆ ಹಸಿಂತಾ ಜನರನ್ನು ಸರಿಸಿಕೊಂಡು ಬಂದಳು. ನೆಲಿದಾಳ ಮುಖ ನೋಡಲಾರದೆ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ನಂದೂ ಕೂಗಣ್ಣ. ಅವರು ಕೊಟ್ಟ ಕಂಬಳಿಗೆ ನಾನೂ ಸಹಿ ಹಾಕಿದೀನಿ."

ಅವಳ ಹಿಂದೆ ಸಾಲು ಬೆಳೆಯಿತು. ಒಳಗಿದ್ದ ಯಾರೋ ಗಡಿಬಿಡಿಯಲ್ಲಿ ರೋಲಿಂಗ್ ಶಟರ್ ಎಳೆದರು. ಅದು ಕರಕರ ಸದ್ದು ಮಾಡುತ್ತ ಇಳಿದು ಪೆಟ್ಟಿಗೆಯ ಮುಚ್ಚಳಕ್ಕೆ ತಾಗಿ ನಿಂತಿತು. ಕೆಳಗಿನ ಸಂದಿಯಲ್ಲಿ ಪಾಲಿಶ್ ಮಾಡಿದ ಒಂದು ಜೊತೆ ಬೂಟು ಹಿಂದೆ ಹಿಂದೆ ಸರಿಯುವುದು ಕಾಣಿಸುತ್ತಿತ್ತು.