ಸೆಪ್ಟೆಂಬರಿನಲ್ಲಿ ಹೂಬಿಟ್ಟ ಸೇಬು

ಬೇಲಿಯಾಚೆಯ ಸೇಬಿನ ಮರ ಸೆಪ್ಟೆಂಬರ್ ಮಧ್ಯದಲ್ಲಿ ಹೂಬಿಟ್ಟದ್ದನ್ನು ಮೊದಲು ಕಂಡವಳು ಸ್ನೆಜಾನಾ. ಹೂ ಇದ್ದದ್ದು ಅವಳ ಅಂಗಳದ ಕಡೆಗೆ ಚಾಚಿದ ಕೊಂಬೆಗಳಲ್ಲಿ ಮಾತ್ರ. ಏಕೆಂದು ಅವಳಿಗೆ ಗೊತ್ತಿತ್ತು.

ಆಗಸ್ಟ್ ಕೊನೆಗೆ ಟೊಮೇಟೊ ಗಿಡಗಳನ್ನೆಲ್ಲ ಕಿತ್ತ ಮೇಲೆ, ಚಳಿ ಹಿಡಿಯುವುದರೊಳಗೆ ಅಂಗಳಕ್ಕೆ ಹೊಸ ರೂಪ ಕೊಡಲು ಅವಳು ಹೊರಟಿದ್ದಳು. ಬೇಲಿಯುದ್ದಕ್ಕೂ ಹೊಳೆಗಲ್ಲಿನ ಕಾಲುದಾರಿ, ಅದರ ಅಂಚಿಗೆ ಅಕ್ಟೋಬರಿನಲ್ಲಿ ಅರಳುವ ಸೇವಂತಿಗೆ, ಮೂಲೆಯಲ್ಲಿ ಲ್ಯಾವೆಂಡರ್. ದಾರಿಗೆಂದು ಅಗೆಯುವಾಗ ಪಕ್ಕದವರ ಮರದ ಬೇರುಗಳು ಅಡ್ಡ ಬಂದವು. ಒಂದೊಂದೂ ತೋಳಿನಷ್ಟು ದಪ್ಪ. ದಾರಿಯನ್ನು ಅಲ್ಲಿ ತುಸು ಬಳಸಿ ಒಯ್ಯಬಹುದಿತ್ತು. ಸೊಟ್ಟ ದಾರಿ ಅವಳಿಗೆ ಬೇಕಿರಲಿಲ್ಲ. ಕೊಡಲಿ ತಂದು ಕಡಿದಳು, ಮರಳು ಸುರಿದಳು, ಮೇಲೆ ಕಲ್ಲು ಹಾಸಿದಳು. ಪಕ್ಕದ ಮನೆಯ ವೆಲಿಚ್ಕಾ ಬೇಲಿಗೆ ಮೊಳಕೈ ಊರಿ, "ಎಷ್ಟು ಚೆನ್ನಾಗಿದೆಯೇ! ಥೇಟ್ ಪಟ್ಟಣದ ಪಾರ್ಕು" ಎಂದು ಹೊಗಳಿದ್ದಳು.

ಸ್ವಲ್ಪ ದಿನಕ್ಕೆಲ್ಲ ಮರದ ಆ ಮಗ್ಗುಲಿನ ಎಲೆಗಳು ಸುರುಟಿ ಉದುರಿದವು. ಆಮೇಲೆ ಮಳೆ ಬಂತು, ಬಿಸಿಲೂ ಮರಳಿತು. ಪೆಟ್ಟು ತಿಂದ ಮರ ಮುಂದಿನ ವಸಂತಕ್ಕೆಂದು ಕಟ್ಟಿಟ್ಟಿದ್ದ ಮೊಗ್ಗುಗಳನ್ನು ಈಗಲೇ ಅರಳಿಸಿಬಿಟ್ಟಿತು.

ಮರ ಕಾಲವಲ್ಲದ ಕಾಲದಲ್ಲಿ ಹೂಬಿಟ್ಟರೆ ಆ ಮನೆಯಲ್ಲೊಬ್ಬರು ವರ್ಷ ತುಂಬುವುದರೊಳಗೆ ಹೋಗುತ್ತಾರೆ ಎಂಬುದು ತ್ರೊಯಾನ್ ಪಟ್ಟಣದ ಸುತ್ತಿನ ಬೆಟ್ಟದ ಹಳ್ಳಿಗಳಲ್ಲಿ ಎಲ್ಲರೂ ಕೇಳಿದ ಮಾತು. ವೆಲಿಚ್ಕಾಳ ಕರುಳಿನಲ್ಲಿ ಗೆಡ್ಡೆ ಇತ್ತು. ಚಳಿಗಾಲದವರೆಗೆ ಕಾಯುವಂತಿಲ್ಲ ಎಂದು ಡಾಕ್ಟರು ಆಪರೇಷನ್‌ಗೆ ದಿನ ಗೊತ್ತುಮಾಡಿದ್ದರು. ಸ್ನೆಜಾನಾ ಹೂವಿನ ವಿಷಯ ಯಾರಿಗೂ ಹೇಳಲಿಲ್ಲ. ವೆಲಿಚ್ಕಾಳ ಕಣ್ಣಿಗೆ ಬೀಳುವ ಮೊದಲೇ ಉದುರಿಹೋಗಲಿ ಎಂದು ಹಾರೈಸಿದಳು.

ಉದುರಲಿಲ್ಲ. ವೆಲಿಚ್ಕಾ ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಸ್ನೆಜಾನಾ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಸುಡುತ್ತಿದ್ದಾಗ ವೆಲಿಚ್ಕಾಳ ಗಂಡ ಗೆನ್ಚೊ ಬೇಲಿಯ ಬಳಿ ಬಂದು ನಿಂತ.

"ಅವಳು ಹೋಗಲ್ಲ ಅಂತಿದ್ದಾಳೆ ಕಣೇ. ಚೀಲದಿಂದ ಬಟ್ಟೆ ಎಲ್ಲ ವಾಪಸ್ ತೆಗೀತಿದ್ದಾಳೆ."

"ಯಾಕಣ್ಣಾ?"

ಅವನು ಮರದತ್ತ ಕೈ ತೋರಿಸಿದ. "ಅವಳಮ್ಮ ಸತ್ತ ವರ್ಷಾನೂ ಹಿತ್ತಲಿನ ಪ್ಲಮ್ ಮರ ಹಿಂಗೇ ಹೂ ಬಿಟ್ಟಿತ್ತಂತೆ. ಸಾಯೋದಾದ್ರೆ ನನ್ನ ಹಾಸಿಗೇಲೇ ಸಾಯ್ತೀನಿ ಅಂತಾಳೆ. ನೀನಾದ್ರೂ ಒಂದು ಮಾತು ಹೇಳು. ನನ್ನ ಮಾತು ಕೇಳಿದ್ದಾದ್ರೂ ಯಾವತ್ತು?" ಅವನ ಕಣ್ಣುಗಳು ಕೆಂಪಾಗಿದ್ದವು.

ಸ್ನೆಜಾನಾ ಹೋದಾಗ ವೆಲಿಚ್ಕಾ ಅಡುಗೆಮನೆಯಲ್ಲಿ, ಚೀಲದಿಂದ ತೆಗೆದ ರಾತ್ರಿಯುಡುಪು ಮಡಿಸುತ್ತಿದ್ದಳು.

"ಹವಾಮಾನ ಕೆಟ್ಟಿದೆ ಅಕ್ಕ," ಎಂದಳು ಸ್ನೆಜಾನಾ. "ಈ ವರ್ಷ ಎಲ್ಲಾ ಕಡೆ ಹಿಂಗೇ ಅಂತೆ."

"ಎಲ್ಲಾ ಕಡೆ ಎಲ್ಲಿ? ಊರಲ್ಲಿ ಅಷ್ಟು ಮರ ಇವೆ, ನಮ್ಮನೇದಕ್ಕೆ ಮಾತ್ರ ಹವಾಮಾನ ಬಂತಾ? ಸುಮ್ನೆ ಕೂತ್ಕೊ. ನನಗೆ ಕೊನೆಗೆ ಉಡಿಸೋ ಕರಿ ಲಂಗ ಮೇಲಿನ ಕಪಾಟಲ್ಲಿದೆ. ತಿಥಿಗೆ ಹಂಚೋ ಗೋಧಿ ನೀನೇ ಬೇಯಿಸು. ಎದುರುಮನೆ ದೋನ್ಕಾ ಕೈಗೆ ಕೊಡಬೇಡ, ಸಕ್ಕರೆ ಸುರಿದು ಪಾಯಸ ಮಾಡಿಬಿಡ್ತಾಳೆ. ಆಮೇಲೆ, ಆ ನಿನ್ನ ಸೇವಂತಿಗೆ ಒಂದೆರಡು ಗಿಡ ನನ್ನ ಸಮಾಧಿಗೂ ನೆಡು. ನಿನ್ನ ಕೈಗುಣ ಒಳ್ಳೇದು."

ಸ್ನೆಜಾನಾ ಕುಳಿತಲ್ಲಿಂದ ಎದ್ದಳು. "ನಾನು ಬೇರು ಕಡಿದೆ ಅಕ್ಕ. ದಾರಿ ಮಾಡುವಾಗ. ಅದಕ್ಕೇ ಅದು ಹೂ ಬಿಟ್ಟಿರೋದು."

ವೆಲಿಚ್ಕಾ ಅವಳನ್ನು ನೋಡಿ ನಕ್ಕಳು. "ಪಾಪ. ನನ್ನನ್ನ ಆಸ್ಪತ್ರೆಗೆ ಕಳಿಸೋಕೆ ಎಂಥಾ ಕಥೆ ಕಟ್ತೀಯೇ!"

ತಪ್ಪೊಪ್ಪಿಕೊಂಡರೆ ಬೈಗುಳ ಬೀಳುತ್ತದೆಂದು ಸ್ನೆಜಾನಾ ಅಂದುಕೊಂಡಿದ್ದಳು. ನಂಬುವುದೇ ಇಲ್ಲ ಎಂದು ಅಂದುಕೊಂಡಿರಲಿಲ್ಲ. ವೆಲಿಚ್ಕಾಳ ಕೈ ಹಿಡಿದು ತನ್ನ ಅಂಗಳಕ್ಕೆ ಕರೆತಂದಳು. ಗೆನ್ಚೊ ಹಿಂದೆಯೇ ಬಂದ. ಸ್ನೆಜಾನಾ ಮಂಡಿಯೂರಿ, ಹಾರೆಯ ತುದಿಯಿಂದ ದಾರಿಯ ಕಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿದಳು, ಮರಳನ್ನು ಕೈಯಲ್ಲೇ ಬಾಚಿದಳು. ಬೇರಿನ ತುಂಡಾದ ಮುಖಗಳು ಕಂಡವು, ಕಂದುಗಟ್ಟಿ, ಕೊಡಲಿಯ ಏಟಿನ ಗುರುತು ಹೊತ್ತು.

ವೆಲಿಚ್ಕಾ ಹೊಟ್ಟೆ ಹಿಡಿದುಕೊಂಡು ಬಗ್ಗಿ ಒಂದನ್ನು ಮುಟ್ಟಿದಳು.

"ಇದನ್ನ ನಮ್ಮ ಮಾವ ನೆಟ್ಟಿದ್ದು. ನಾನು ಮದುವೆಯಾಗಿ ಈ ಮನೆಗೆ ಬಂದ ವರ್ಷ."

"ಗೊತ್ತು ಅಕ್ಕ."

"ಗೊತ್ತಿದ್ದೂ ಕಡಿದೆ. ದಿನಾ ಬಂದು ನನ್ನ ಜೊತೆ ಕಾಫಿ ಕುಡಿದೆ." ಅವಳು ನೆಟ್ಟಗೆ ನಿಂತಳು. "ಹೂ ಯಾವಾಗ ನೋಡಿದೆ?"

"ನಾಲ್ಕು ದಿನ ಆಯ್ತು."

"ನಾನು ನೋಡದೇ ಇದ್ದಿದ್ರೆ ಹೇಳ್ತಾನೇ ಇರಲಿಲ್ಲ, ಅಲ್ವಾ?"

ವೆಲಿಚ್ಕಾ ಗಂಡನತ್ತ ತಿರುಗಿದಳು. "ನಿಂತ್ಕೊಂಡು ಏನು ನೋಡ್ತೀಯಾ? ಚೀಲ ತುಂಬು. ಚಪ್ಪಲಿ ಮರೀಬೇಡ." ಎರಡು ಹೆಜ್ಜೆ ಹೋಗಿ ಮತ್ತೆ ಹೇಳಿದಳು: "ನಿನ್ನ ಮಾತು ಕೇಳಿ ಹೋಗ್ತಿದ್ದೀನಿ ಅಂದ್ಕೋಬೇಡ ಸ್ನೆಜಾನಾ. ವಾಪಸ್ ಬಂದು ನಿನ್ನ ಜೊತೆ ಸರಿಯಾಗಿ ಜಗಳ ಆಡೋಕೆ ಜೀವ ಬೇಕಲ್ಲ, ಅದಕ್ಕೆ."

ಬೆಳಿಗ್ಗೆ ಟ್ಯಾಕ್ಸಿ ಬಂತು. ಮನೆ, ಕೊಟ್ಟಿಗೆಗಳ ಬೀಗದ ಕೈಯನ್ನೂ ಕೋಳಿಗಳ ಉಸ್ತುವಾರಿಯನ್ನೂ ಗೆನ್ಚೊ ಎದುರುಮನೆಯ ದೋನ್ಕಾಗೆ ಒಪ್ಪಿಸಿದ. ಇಷ್ಟು ವರ್ಷ ಅದು ಸ್ನೆಜಾನಾಳ ಕೆಲಸವಾಗಿತ್ತು. ಅವಳು ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದಳು. ಕೈಬೀಸುವ ಧೈರ್ಯ ಬರಲಿಲ್ಲ.

ಆ ದಿನವೆಲ್ಲ ಅವಳು ಉಳಿದ ಕಲ್ಲುಗಳನ್ನು ಕಿತ್ತು, ಬೇರುಗಳ ಸುತ್ತ ಒಳ್ಳೆಯ ಮಣ್ಣು ತುಂಬಿ ನೀರು ಹನಿಸಿದಳು. ಮರ ಚಳಿಗಾಲ ದಾಟೀತೆಂಬ ಭರವಸೆ ಅವಳಿಗಿರಲಿಲ್ಲ. ಹೂವಿಗೆ ಹರಿಯುವ ಸತ್ವವಾದರೂ ಉಳಿಯಲಿ ಎಂದು ಕೈಗೆ ಸಿಕ್ಕ ಹೂಗಳನ್ನೆಲ್ಲ ಚಿವುಟಿದಳು. ಮೇಲಿನ ಕೊಂಬೆಗಳು ಎಟುಕಲಿಲ್ಲ. ಅಷ್ಟು ಎತ್ತರದ ಏಣಿ ಇದ್ದದ್ದು ಗೆನ್ಚೊನ ಕೊಟ್ಟಿಗೆಯಲ್ಲಿ.

ಸ್ನೆಜಾನಾ ಕೈ ತೊಳೆದು, ರಸ್ತೆ ದಾಟಿ, ದೋನ್ಕಾಳ ಬಾಗಿಲು ತಟ್ಟಿದಳು.

"ಏಣಿನಾ? ಅವರ ಮರಕ್ಕೆ ನಿನಗ್ಯಾಕೆ ಏಣಿ?" ಎಂದಳು ದೋನ್ಕಾ, ಬೀಗದ ಕೈಯನ್ನು ಬಿಗಿಯಾಗಿ ಹಿಡಿದು.

ಊರಿಗೆಲ್ಲ ಸುದ್ದಿ ಹಂಚುವ ಹೆಂಗಸು ಅವಳು. ಸ್ನೆಜಾನಾ ಮೆಟ್ಟಿಲ ಮೇಲೆ ಕೂತು, ಕೊಡಲಿ ತಂದ ದಿನದಿಂದ ಹೇಳಲು ಶುರುಮಾಡಿದಳು.