ಅಜ್ಜನ ಹೆಸರು ಸಿಗದ ಮಗು

ರಾದ್ಕಾಳ ಮಗ ಏಳು ತಿಂಗಳಿಗೇ ಹುಟ್ಟಿಬಿಟ್ಟ. ಮಾರ್ಚ್ ತಿಂಗಳು, ನಮ್ಮ ಊರು ಟ್ರಯಾವ್ನಾದ ಸೂರುಗಳ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದ ಆ ಕೂಸು ಚರ್ಮ ಸುಲಿದ ಮೊಲದ ಮರಿಯ ಹಾಗಿತ್ತು. ರಾದ್ಕಾ ನನ್ನ ಪಕ್ಕದ ಮನೆಯವಳು, ಅವಳಿಗೆ ಸಾರು ಒಯ್ದಿದ್ದ ನಾನು ಅಲ್ಲೇ ನಿಂತಿದ್ದೆ. ಅವಳ ಅತ್ತೆ ಗೆನಾ ಗಾಜಿನೊಳಗೆ ಒಮ್ಮೆ ಇಣುಕಿದಳು. ಆಮೇಲೆ ಹಸಿ ಬಾಣಂತಿಯ ಎದುರಿಗೇ ಮಗನಿಗೆ ಹೇಳಿದಳು:

"ಪ್ಲಾಮೆನ್, ಇದಕ್ಕೆ ನಿಮ್ಮಪ್ಪನ ಹೆಸರು ಇಡಬೇಡ ಕಣೋ. ಇದು ಉಳಿಯೋ ಪಿಂಡ ಅಲ್ಲ. ಸುಮ್ನೆ ಹೆಸರು ಮಣ್ಣುಪಾಲಾಗುತ್ತೆ. ನಮ್ಮ ಚಿಕ್ಕ ಸೊಸೆ ಇಸ್ಕ್ರಾ ಬಸುರಿ ಇದಾಳಲ್ಲ, ಅವಳ ಮಗೂಗೆ ಇರ್ಲಿ."

ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ನಮ್ಮಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು. ಪ್ಲಾಮೆನ್ ಕೈಲಿದ್ದ ಟೋಪಿಯನ್ನು ತಿರುಗಿಸುತ್ತ ನಿಂತ. ರಾದ್ಕಾ ಅಳಲೂ ಇಲ್ಲ. ಮಗುವಿಗೆ ತಾನೇ ಝಿವ್ಕೊ ಎಂದು ಹೆಸರಿಟ್ಟಳು. ಬದುಕಿರುವವನು ಎಂದರ್ಥ.

ಮೇ ತಿಂಗಳಲ್ಲಿ ಅವಳ ಓರಗಿತ್ತಿ ಇಸ್ಕ್ರಾ ದುಂಡು ದುಂಡಾದ ಗಂಡುಮಗು ಹೆತ್ತಳು. ಅಜ್ಜನ ಹೆಸರು, ಅಸೆನ್, ಅದಕ್ಕೆ ಹೋಯಿತು.

"ಅಕ್ಕಾ, ಆ ಮುದುಕಿಯ ಬಾಯಿಗೆ ಇವನ ಕಾಲಲ್ಲೇ ಒದೆಸ್ತೀನಿ ನೋಡ್ತಿರು," ಎಂದಳು ರಾದ್ಕಾ, ಮಗುವನ್ನು ಎದೆಗೆ ಕಟ್ಟಿಕೊಂಡು ನನ್ನ ಅಡುಗೆಮನೆಯಲ್ಲಿ ಕೂತು.

ಆದರೆ ಕೂಸಿಗೆ ಅವಸರವೇ ಇರಲಿಲ್ಲ. ಉಳಿದ ಮಕ್ಕಳು ನಗುವ ವಯಸ್ಸಿನಲ್ಲಿ ಇವನು ಬರೀ ನಿದ್ದೆ. ಕತ್ತು ನಿಲ್ಲಲು ತಡ, ಮಗ್ಗುಲಾಗಲು ತಡ. "ಹುಟ್ಟಬೇಕಿದ್ದ ದಿನದಿಂದ ಲೆಕ್ಕ ಹಿಡೀರಿ, ಸರಿಯಾಗೇ ಇದ್ದಾನೆ," ಎಂದು ಡಾಕ್ಟರು ಹೇಳಿದರೂ ಬೀದಿಯವರಿಗೆ ಆ ಲೆಕ್ಕ ಬೇಕಿರಲಿಲ್ಲ. ರೊಟ್ಟಿ ಅಂಗಡಿಯಲ್ಲಿ ಗೆನಾ ಎಲ್ಲರಿಗೂ ಕೇಳುವಂತೆ, "ನಮ್ಮ ಅಸೆನ್ ಆಗ್ಲೇ ಕೂತ್ಕೋತಾನೆ. ಇನ್ನೊಂದಿದೆಯಲ್ಲ, ಅದು ಹಿಟ್ಟಿನ ಮೂಟೆ," ಎನ್ನುತ್ತಿದ್ದಳು.

ರಾದ್ಕಾ ಅತ್ತೆಗೆ ಬಾಗಿಲು ಮುಚ್ಚಿದಳು. ಒಳಗೆ ಕಂಬಳಿ ಹಾಸಿ, ಮಗುವನ್ನು ಬೋರಲು ಮಲಗಿಸಿ, ಎದುರಿಗೆ ತಾನೂ ಬೋರಲು ಮಲಗಿ ಮರದ ಚಮಚ ಆಡಿಸುತ್ತಿದ್ದಳು. ಮೊದಲು ತಲೆ ಎತ್ತಿದ, ಆಮೇಲೆ ಎದೆ ಎತ್ತಿದ. ಬೇಸಿಗೆ ಮುಗಿಯುವ ಹೊತ್ತಿಗೆ ಚಮಚ ಕಸಿದು ಬಾಯಿಗಿಟ್ಟ. ಚಳಿಗಾಲದಲ್ಲಿ ಕೂತ, ತೆವಳಿದ, ಬೇಯಿಸಿದ ಬಟಾಣಿಯನ್ನು ಎರಡು ಬೆರಳಲ್ಲಿ ಹೆಕ್ಕಿದ. ಒಂದು ದಿನ "ಬಾ-ಬಾ-ಬಾ" ಎಂದ. ನಮ್ಮ ಮಾತಿನಲ್ಲಿ ಬಾಬಾ ಎಂದರೆ ಅಜ್ಜಿ.

"ನೋಡೇ, ಅಜ್ಜೀನ ಕರೀತಿದಾನೆ!" ಎಂದು ನಾನು ನಕ್ಕೆ.

"ತುಟಿ ಬಡೀತಿದಾನೆ ಅಷ್ಟೆ," ಎಂದು ಅವಳು ಉರಿದುಬಿದ್ದಳು. ಅಂದಿನಿಂದ ಅವನ ಮುಖದ ಮುಂದೆ ಕೂತು ಮ-ಮ-ಮ ಎಂದು ಗಂಟಲು ಹರಿದುಕೊಂಡಳು.

ಮತ್ತೆ ಮೇ ಬಂದಾಗ ಝಿವ್ಕೊ ಕುರ್ಚಿ ಬಿಟ್ಟು ನಡೆದ. ರಾದ್ಕಾ ನನ್ನ ಕೈ ಹಿಡಿದುಕೊಂಡು, "ಯಾರಿಗೂ ಹೇಳಬೇಡಕ್ಕ," ಎಂದಳು. ಗಂಡನ ಬಾಯನ್ನೂ ಕಟ್ಟಿಹಾಕಿದಳು. ಬೀದಿಗೆ ಬಂದರೆ ಮಗುವನ್ನು ಕಂಕುಳಿಂದ ಇಳಿಸುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಅಸೆನ್ ಯಾರದೋ ಬೆರಳು ಹಿಡಿದು ಎರಡು ಹೆಜ್ಜೆ ಇಟ್ಟನಂತೆ. ಗೆನಾ ಆತುರಾತುರವಾಗಿ ಹೆಜ್ಜೆಯ ಹಬ್ಬಕ್ಕೆ ಊರನ್ನೇ ಕರೆದಳು. ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ, ಅದರ ತುದಿಯಲ್ಲಿ ಕತ್ತರಿ, ಪುಸ್ತಕ, ಸುತ್ತಿಗೆ, ಕುಂಚ ಇಟ್ಟಳು. ಉರುಳುವ ದುಂಡು ರೊಟ್ಟಿಯ ಹಿಂದೆ ಮಗು ನಡೆದು ಏನನ್ನು ಎತ್ತಿಕೊಳ್ಳುತ್ತದೋ ಅದೇ ಅದರ ಮುಂದಿನ ಕಸುಬು.

ಗೆನಾ ರೊಟ್ಟಿ ಉರುಳಿಸಿದಳು. ಇಸ್ಕ್ರಾ ಕೈ ಬಿಟ್ಟಳು. ಅಸೆನ್ ಅಲ್ಲೇ ಕುಕ್ಕರಿಸಿ ಬಿದ್ದು ಅತ್ತ. ಎತ್ತಿ ನಿಲ್ಲಿಸಿದರು. ಮತ್ತೆ ಬಿದ್ದ.

ಆಗ ರಾದ್ಕಾ ಮುಂದೆ ಬಂದು ಝಿವ್ಕೊನನ್ನು ಬಟ್ಟೆಯ ಈ ತುದಿಯಲ್ಲಿ ಇಳಿಸಿದಳು. ಅವನು ಎರಡೂ ಕೈ ಮೇಲೆತ್ತಿ, ಹೊಟ್ಟೆ ಮುಂದೆ ಮಾಡಿ, ಬಾತುಕೋಳಿಯ ಹಾಗೆ ಆ ತುದಿಯವರೆಗೂ ನಡೆದು ಸುತ್ತಿಗೆ ಎತ್ತಿಕೊಂಡ.

"ಅಯ್ಯೋ ನನ್ನ ಬಂಗಾರ!" ಗೆನಾ ಓಡಿ ಬಂದಳು. "ಥೇಟ್ ಅವರ ಅಜ್ಜನ ನಡಿಗೆ! ಇವನಿಗೇ ಇಡಬೇಕಿತ್ತು ಆ ಹೆಸರು!"

"ಇವನಿಗೆ ಹೆಸರಿದೆ ಅತ್ತೆ," ಎಂದು ರಾದ್ಕಾ ಮಗುವಿಗೂ ಅವಳಿಗೂ ನಡುವೆ ನಿಂತಳು. "ಅದು ಬಾಯಿಗೆ ಬರೋವರೆಗೂ ಇವನನ್ನ ಮುಟ್ಟಬೇಡಿ."

ಮುಖ ಕೆಂಪಾದ ಮುದುಕಿ ಇಸ್ಕ್ರಾ ಕಡೆ ತಿರುಗಿದಳು. "ನಿನ್ನದೇನೇ ಹೀಗೆ? ತಿನ್ನಿಸಿ ತಿನ್ನಿಸಿ ಹಿಟ್ಟಿನ ಮೂಟೆ ಮಾಡಿಟ್ಟಿದೀಯ!"

ಇಸ್ಕ್ರಾ ಮಗುವನ್ನು ಅವುಚಿಕೊಂಡು ಅಡುಗೆಮನೆಗೆ ಓಡಿದಳು. ಒಂದು ವರ್ಷ ಈ ಗಳಿಗೆಗಾಗಿಯೇ ಹಲ್ಲು ಕಚ್ಚಿ ಕಾದಿದ್ದ ರಾದ್ಕಾ ಹಾಗೇ ನಿಂತುಬಿಟ್ಟಳು. ತನ್ನ ಕೂಸಿಗೆ ಬಿದ್ದಿದ್ದ ಮಾತೇ ಈಗ ಇನ್ನೊಂದು ಕೂಸಿಗೆ ಬಿದ್ದಿತ್ತು, ಬೀಳುವಂತೆ ಮಾಡಿದ್ದು ಅವಳೇ. ಆಮೇಲೆ ಮಗನನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು, ಅವಳ ಹಿಂದೆ ನಾನೂ ಒಳಗೆ ಹೋದೆ.

"ಅಳಬೇಡ ಕಣೇ," ಎಂದಳು ರಾದ್ಕಾ ಒರಟಾಗಿ. "ಒಂಬತ್ತು ತಿಂಗಳಿಗೇ ನಡೆಯೋ ಮಕ್ಕಳೂ ಇರ್ತವೆ, ಒಂದೂವರೆ ವರ್ಷಕ್ಕೆ ನಡೆಯೋವೂ ಇರ್ತವೆ. ಡಾಕ್ಟರೇ ಹೇಳಿದ್ದು. ನಿನ್ನ ಮಗನಿಗೆ ಏನೂ ಆಗಿಲ್ಲ. ಆ ಮುದುಕಿಯ ನಾಲಿಗೆಗೆ ಆಗಿದೆ ರೋಗ. ಏಳು, ನಮ್ಮನೆಗೆ ಹೋಗೋಣ."

"ಇಷ್ಟು ಜನರ ಮುಂದೆ? ಅತ್ತೆಗೆ ಅವಮಾನ ಆಗಲ್ವಾ?"

"ಆಗ್ಲಿ ಅಂತಾನೇ."

ಇಬ್ಬರು ಸೊಸೆಯಂದಿರೂ ಮಕ್ಕಳನ್ನೆತ್ತಿಕೊಂಡು ಅಂಗಳ ದಾಟಿದರು. ರಾದ್ಕಾ ಆ ದುಂಡು ರೊಟ್ಟಿಯನ್ನೂ ಎತ್ತಿಕೊಂಡಳು. ಪ್ಲಾಮೆನ್ ಅಮ್ಮನ ಮುಖವನ್ನೂ ಗೇಟನ್ನೂ ಒಮ್ಮೆ ನೋಡಿ ಹೆಂಡತಿಯ ಹಿಂದೆ ನಡೆದ. ಮಕ್ಕಳೇ ಇಲ್ಲದ ಹಬ್ಬದಲ್ಲಿ ಯಾರು ಕೂರುತ್ತಾರೆ? ನೆಂಟರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಗೆನಾ ತಣ್ಣಗಾದ ಚೀಸ್ ಹೂರಣದ ಬನಿತ್ಸಾ ತಟ್ಟೆಗಳ ನಡುವೆ ಒಬ್ಬಳೇ ಕೂತಿದ್ದಳು. ನನಗೆ ಅಯ್ಯೋ ಅನ್ನಿಸಲಿಲ್ಲ.

ಪ್ಲಮ್ ಹಣ್ಣಾಗುವ ಕಾಲಕ್ಕೆ ಅವಳು ರಾದ್ಕಾಳ ಗೇಟಿಗೆ ಬಂದಳು. "ಪುಟ್ಟಾ..." ಎಂದು ಕರೆದಳು.

"ಯಾವ ಪುಟ್ಟ? ಈ ಬೀದೀಲಿ ಬೇಕಾದಷ್ಟು ಪುಟ್ಟ ಇದಾವೆ," ಎಂದಳು ರಾದ್ಕಾ, ಹಣ್ಣು ಬಿಡಿಸುವುದನ್ನು ನಿಲ್ಲಿಸದೆ.

ಗೆನಾ ಗೇಟಿನ ಕಂಬಿ ಹಿಡಿದುಕೊಂಡಳು. "ಝಿವ್ಕೊ," ಎಂದಳು ಕೊನೆಗೆ.

"ಕೇಳಿಸ್ಲಿಲ್ಲ ಅತ್ತೆ."

"ಝಿವ್ಕೊ!"

ರಾದ್ಕಾ ಗೇಟು ತೆಗೆದು ಒಂದು ಕುರ್ಚಿ ಹಾಕಿದಳು. ಮಗುವನ್ನು ಮಾತ್ರ ಅವಳ ತೊಡೆಗೆ ಕೊಡಲಿಲ್ಲ.

ಅತ್ತೆ ಹೋದ ಮೇಲೆ, "ಕ್ಷಮಿಸಿಬಿಟ್ಯೇನೇ?" ಎಂದು ನಾನು ಕೇಳಿದೆ.

"ಇಲ್ಲಕ್ಕ. ಕುರ್ಚಿ ಕೊಟ್ಟೆ ಅಷ್ಟೆ."