ನಡುಕಕ್ಕೆ ಕಿವುಡಾದ ಕಾರು

ಹಿಂದಿನ ಟೈರು ಮತ್ತೆ ಜಾರಿತು, ಪರದೆಯ ಮೇಲೆ ಕೆಂಪು ಕಾರು ಬುಗುರಿಯಂತೆ ಸುತ್ತಿ ತಡೆಗೋಡೆಗೆ ಬಡಿಯಿತು, ಥತ್ ಮುಂಡೇದೆ, ಎಂದ ಅಪ್ಪ, ಬೈದದ್ದು ಕಾರನ್ನೋ ತನ್ನ ಕೈಯನ್ನೋ, ಮಗಳು ಕೇಳಲಿಲ್ಲ, ಆಟ ನಿಲ್ಲಿಸಿ ಸೆಟ್ಟಿಂಗ್ ತೆರೆದಳು, ಟೈರಿನ ಹಿಡಿತ ಎಂಬತ್ತರಿಂದ ತೊಂಬತ್ತಕ್ಕೆ — ಅವಳ ಹೊಟ್ಟೆಪಾಡೇ ಇದು, ಆಟದ ಕಾರುಗಳು ಎಷ್ಟು ಹಿಡಿಯಬೇಕು ಎಷ್ಟು ಜಾರಬೇಕು ಎಂದು ಅಳೆದು ಕೊಡುವುದು, ಆದರೆ ಇವತ್ತಿನದು ಕಂಪನಿಗಲ್ಲ, ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಕೈನಡುಕ ಹತ್ತಿ, ಲೈಸೆನ್ಸ್ ಹೋದ ಮೇಲೆ ಈ ಕೋಣೆಯ ಕುರ್ಚಿಗೆ ಅಂಟಿಕೊಂಡವನಿಗೆ, ದೇವರೇ, ಒಂದೇ ಒಂದು ಸುತ್ತು ಅವನ ಕೈಯಿಂದಲೇ ಆಗಲಿ, ಆಮೇಲೆ ಬಾಗಿಲ ತನಕವಾದರೂ ಎದ್ದು ಬಂದಾನು — ಏನ್ರೀ, ಬಸ್ಸನ್ನೂ ಹೀಗೇ ಓಡಿಸ್ತಿದ್ರಾ, ಜನ ಅದು ಹೇಗೆ ಮನೆ ಸೇರ್ತಿದ್ರೋ, ಅಮ್ಮ ಬಟ್ಟೆ ಮಡಚುತ್ತಲೇ ಕೆಣಕುತ್ತಾಳೆ, ಸುಮ್ನಿರೇ, ಬಸ್ಸಿಗೆ ಮೈಭಾರ ಇತ್ತು, ಮಾತಾಡ್ತಿತ್ತು, ಇದೊಂದು ಮೂಗಬಸವ — ಆಗ ಅಪ್ಪನ ಬಸ್ಸಿನಲ್ಲಿ ಎಂಜಿನ್ನಿನ ಬಿಸಿ ಮುಚ್ಚಳದ ಮೇಲೆ ಕೂತ ಏಳು ವರ್ಷದ ಅವಳಿಗೂ ಅದು ಕೇಳಿಸುತ್ತಿತ್ತು, ತಿರುವು ಬಂತು ಅಂತ ಕಣ್ಣಿಗಿಂತ ಮೊದಲು ಅಂಗೈಗೆ ಗೊತ್ತಾಗ್ಬೇಕು ಮಗಳೇ, ಅನ್ನುತ್ತಿದ್ದ — ಈಗ ಆ ಅಂಗೈಯದೇ ತಕರಾರು, ಸರಿ, ಮೇಜಿಗೆ ಬಿಗಿದ ಆಟದ ಸ್ಟೀರಿಂಗ್ ಇಷ್ಟು ಅಲುಗಿದರೂ ಕಾರು ಕಿವಿಗೊಡದಿರಲಿ, ಐದು, ಹತ್ತು, ಹದಿನೈದು, ನಡುಕವನ್ನೇನೋ ನುಂಗಿತು, ಅದರ ಜೊತೆ ತಿರುವನ್ನೂ ನುಂಗಿತು, ಕಾರು ನೆಟ್ಟಗೆ ಹೋಗಿ ಗೋಡೆಗೆ, ಒಂದನ್ನು ಸಡಿಲಿಸಿದರೆ ಇನ್ನೊಂದು ಬಿಗಿ, ಕಿಟಕಿ ಮುಚ್ಚಿದ ಕೋಣೆ, ಉಸಿರು ಸಾಲದು, ಇನ್ನೊಂದ್ಸಲ ನೋಡೋಣ ಅಪ್ಪಾ, ಎಂದಳು, ನೀನು ಹೇಳಿದ ಹಾಗೆ, ಎನ್ನುತ್ತಾನೆ ಅಪ್ಪ, ಶಾಲೆಯ ಹುಡುಗನ ವಿಧೇಯತೆ ಆ ದನಿಯಲ್ಲಿ, ಅದನ್ನು ತಾಳಲಾರದೆ ಅವಳು ಪಟ್ಟಿಯ ತಳಕ್ಕಿಳಿದಳು, ತಿರುವಿನಲ್ಲಿ ನೆರವು, ಕಾಲು ಪಾಲು, ಅರ್ಧ, ಅವನಿಗೆ ಹೇಳದೆ ಪೂರ್ತಿ — ಕಾರು ಹೊರಟಿತು, ಮೊದಲ ತಿರುವು ಬೆಣ್ಣೆ, ಎರಡನೆಯದೂ, ಅಪ್ಪಾ ನೋಡು, ಗೋಡೆ ಮುಟ್ಟಲೇ ಇಲ್ಲ, ನೀನೇ, ಪೂರ್ತಿ ನೀನೇ, ತನ್ನ ದನಿ ತನಗೇ ಅಂಗಡಿಯವನದಂತೆ ಕೇಳಿಸಿತು, ಅಮ್ಮ ಮಡಚುವುದನ್ನು ನಿಲ್ಲಿಸಿದಳು, ಅಪ್ಪ ಮೆಲ್ಲಗೆ, ಪರದೆ ಬೇಡ ಮಗಳೇ, ಇಲ್ಲಿ ನೋಡು, ನೋಡಿದಳು, ಸ್ಟೀರಿಂಗಿನಿಂದ ಗೇಣು ಮೇಲೆ ಅವನ ಎರಡೂ ಕೈ, ಗಾಳಿಯಲ್ಲಿ ನಡುಗುತ್ತ, ಮೂರನೆಯ ತಿರುವು, ಕಾರು ನಯವಾಗಿ ಹೊರಳಿತು, ಎರಡೂ ಕೈ ಮೇಲೆ, ನಾಲ್ಕನೆಯದು, ಎರಡೂ ಕೈ —